ಬೈಕಿನ ಶಾಕಪ್ ಬದಲಿಸಿದ ಕಥೆ: ಮೊದಲು ಟೇಪು, ಆಮೇಲೆ ದುಡ್ಡು

ನಾನಿರೋದು ಬಾಗಲಕೋಟೆಯ ನವನಗರದಲ್ಲಿ, ಕೆಲಸ ಮುಧೋಳದಲ್ಲಿ. ವಾರಕ್ಕೆ ಆರು ದಿನ ಲೋಕಾಪುರದ ಮೇಲೆ ಹಾದು ಬೈಕಿನಲ್ಲೇ ಓಡಾಟ. ನಮ್ಮ ಕಡೆ ರಸ್ತೆಯ ಕೆಳಗೆಲ್ಲ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿದು ಕುಗ್ಗುತ್ತದೆ. ಹಾಗಾಗಿ ಡಾಂಬರು ನೋಡಲು ನುಣ್ಣಗಿದ್ದರೂ ಗಾಡಿ ಅಲೆಯ ಮೇಲೆ ಹೋದಂತೆ ಏರಿಳಿಯುತ್ತದೆ. ಕಬ್ಬಿನ ಸೀಸನ್ನಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ಬೇರೆ. ಊರು ಬಂತೆಂದರೆ ಸಾಲಾಗಿ ಐದಾರು ಸಣ್ಣ ಹಂಪ್‌ಗಳು.

ಬೈಕು 350 ಸಿಸಿದು. ಮುಂದೆ ಸಾದಾ ಫೋರ್ಕ್, ಅಂದರೆ ಗಾಲಿ ಹಿಡಿದ ಎರಡು ಕಾಲು, ಒಳಗೆ ಸ್ಪ್ರಿಂಗ್ ಮತ್ತು ಎಣ್ಣೆ. ಹಿಂದೆ ಎರಡು ಶಾಕಪ್. 40 ಸಾವಿರ ಕಿಲೋಮೀಟರ್ ದಾಟಿತ್ತು. ಹಿಂಭಾಗ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಬ್ರೇಕ್ ಹಿಡಿದರೆ ಮುಂಭಾಗ ಪೂರಾ ಮುಳುಗಿ ಟಕ್ ಅನ್ನುತ್ತಿತ್ತು. ನಾನು ಸಹಿಸಿಕೊಂಡೇ ಇದ್ದೆ. ಒಂದು ದಿನ ಅವ್ವನನ್ನು ಕೂರಿಸಿಕೊಂಡು ಜಮಖಂಡಿಗೆ ಮದುವೆಗೆ ಹೋಗಿ ಬಂದೆ. ಇಳಿದವಳು ಗೇಟು ಹಿಡಿದು ನಿಂತುಬಿಟ್ಟಳು. "ನಡ ಹಿಡದೈತಿ ತಮ್ಮಾ. ಇನ್ನ ಮ್ಯಾಲೆ ನಾ ಬಸ್ಸಿಗೇ ಹೋಗತೀನಿ" ಅಂದಳು. ಅದು ನನಗೆ ಬಹಳ ಚುಚ್ಚಿತು.

ಮೆಕ್ಯಾನಿಕ್ ಹೇಳಿದ್ದು ಒಂದೇ ಮಾತು. "ಸರ, ಹಿಂದಿನ ಶಾಕಪ್ ಪೂರಾ ಟೈಟ್ ಮಾಡ್ರಿ, ಸರಿ ಹೋಗತೈತಿ." ಮಾಡಿದೆ, ಆದರೂ ಕುಣಿತ ನಿಲ್ಲಲಿಲ್ಲ. ಶಾಕಪ್ಪಿನ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಆ ಐದು ಹಂತದ ಕಾಲರ್ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಬೈಕು ಸ್ವಲ್ಪ ಎತ್ತರಕ್ಕೆ ನಿಲ್ಲುತ್ತದೆ, ಅಷ್ಟೇ. ಕುಣಿತ ನಿಲ್ಲಿಸುವುದು ಒಳಗಿನ ಎಣ್ಣೆಯ ಕೆಲಸ. ನನ್ನದರಲ್ಲಿ ಆ ಎಣ್ಣೆಯ ಬಲವೇ ಹೋಗಿತ್ತು.

ಒಂದು ಭಾನುವಾರ ಟೇಪು ಹಿಡಿದು ಕೂತೆ. ನಾವು ಕೂತಾಗ ಬೈಕು ಎಷ್ಟು ಕೆಳಗಿಳಿಯುತ್ತದೆ ಅನ್ನುವ ಲೆಕ್ಕಕ್ಕೆ ಸ್ಯಾಗ್ ಅಂತಾರೆ. ಎಂಜಿನ್ ಕೆಳಗೆ ಮರದ ದಿಮ್ಮಿ ಕೊಟ್ಟು ಮುಂದಿನ ಗಾಲಿ ಎತ್ತಿದೆ. ಫೋರ್ಕಿಗೆ ಧೂಳು ಹೋಗದಂತೆ ತಡೆಯುವ ರಬ್ಬರ್ ಡಸ್ಟ್ ಸೀಲ್‌ನಿಂದ ಕೆಳಗಿನ ಹ್ಯಾಂಡಲ್ ಟೀವರೆಗೆ (ಫೋರ್ಕಿನ ಎರಡೂ ಕಾಲನ್ನು ಹಿಡಿದಿಡುವ ಪಟ್ಟಿ) ಅಳೆದೆ. ಆಮೇಲೆ ಹೆಲ್ಮೆಟ್, ಬ್ಯಾಗು ಎಲ್ಲಾ ಹಾಕಿಕೊಂಡು ಬೈಕ್ ಏರಿದೆ. ತಮ್ಮ ಅದೇ ಜಾಗ ಮತ್ತೆ ಅಳೆದ. ವ್ಯತ್ಯಾಸ 54 ಮಿಲಿಮೀಟರ್! ಈ ಫೋರ್ಕ್ ಒಟ್ಟು ಆಡುವುದೇ 130 ಮಿಲಿಮೀಟರ್. ಕೂತಾಗ ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗ ಇಳಿಯಬೇಕು, ಅಂದರೆ 33ರಿಂದ 43. ನನ್ನದರಲ್ಲಿ ಗುಂಡಿ ಬರುವ ಮೊದಲೇ ಹತ್ತರಲ್ಲಿ ನಾಲ್ಕು ಪಾಲು ಖರ್ಚಾಗಿತ್ತು.

ಫೋರ್ಕಿನ ಹೊಳೆಯುವ ಪೈಪಿಗೆ, ಸೀಲ್‌ನ ಮೇಲೆ, ವೈರ್ ಕಟ್ಟುವ ಪ್ಲಾಸ್ಟಿಕ್ ಟೈ ಒಂದನ್ನು ಬಿಗಿದೆ. ಫೋರ್ಕ್ ಎಷ್ಟು ಒಳಗೆ ಹೋಗುತ್ತದೋ ಅಷ್ಟು ಅದು ಮೇಲೆ ಸರಿದು ಅಲ್ಲೇ ನಿಲ್ಲುತ್ತದೆ. ಎರಡು ರೂಪಾಯಿಯ ಸಾಮಾನು, ಆದರೆ ಸುಳ್ಳು ಹೇಳುವುದಿಲ್ಲ. ಮುಧೋಳ ಮುಟ್ಟುವಷ್ಟರಲ್ಲಿ ಅದು ಕೊನೆ ಮುಟ್ಟಿರುತ್ತಿತ್ತು. ದಿನಾ.

ಖರ್ಚು ಮಾಡುವ ಮೊದಲು ಟೈರಿನ ಗಾಳಿ, ಹಿಂದಿನ ಗಾಲಿ ಹಿಡಿದ ಸ್ವಿಂಗ್ ಆರ್ಮಿನ ಬುಷ್, ಹ್ಯಾಂಡಲ್ ತಿರುಗುವ ಬೇರಿಂಗ್ ಅಂದರೆ ಕೋನ್‌ಸೆಟ್ ನೋಡಿಸಿದೆ. ಕೋನ್‌ಸೆಟ್ ಸವೆದಿತ್ತು. ಹೊಸದು ಹಾಕಿದ ಮೇಲೆ ಟಕ್ ಅನ್ನುವ ಸದ್ದು ಅರ್ಧ ಕಡಿಮೆಯಾಯಿತು. ಇದನ್ನು ಬಿಟ್ಟು ನೇರ ಶಾಕಪ್ಪಿಗೆ ಕೈ ಹಾಕಿದ್ದರೆ ದುಡ್ಡು ಸುಮ್ನೆ ಹೋಗುತ್ತಿತ್ತು.

ಮುಂದಿನ ಫೋರ್ಕಿಗೆ ಪ್ರೋಗ್ರೆಸ್ಸಿವ್ ಸ್ಪ್ರಿಂಗ್ ತರಿಸಿದೆ. ಒಂದು ಕಡೆ ಸುತ್ತುಗಳು ಒತ್ತಾಗಿ, ಇನ್ನೊಂದು ಕಡೆ ಬಿಡಿಬಿಡಿಯಾಗಿ ಇರುತ್ತವೆ. ಸಣ್ಣ ಕುಲುಕಾಟಕ್ಕೆ ಮೆತ್ತಗೆ, ದೊಡ್ಡ ಗುಂಡಿಗೆ ಗಟ್ಟಿ. ಪರಿಚಯದ ಗ್ಯಾರೇಜಿನಲ್ಲಿ ನಾನೇ ಕೂತು ಬಿಚ್ಚಿದೆ. ಮೇಲಿನ ಕ್ಯಾಪನ್ನು ಫೋರ್ಕ್ ಟೀಯಲ್ಲಿ ಇರುವಾಗಲೇ ಸಡಿಲಿಸಿಕೊಳ್ಳಿ. ಕೊನೆಯ ಸುತ್ತು ಬಿಚ್ಚುವಾಗ ಸ್ಪ್ರಿಂಗ್ ಅದನ್ನು ಜೋರಾಗಿ ಚಿಮ್ಮಿಸುತ್ತದೆ, ಮುಖ ಅತ್ತ ಇರಲಿ.

ಹಳೆ ಎಣ್ಣೆ ಪಾತ್ರೆ ತೊಳೆದ ಬೂದಿ ನೀರಿನ ಹಾಗೆ ಸುರಿಯಿತು. ಡಬ್ಬಿಯ ತಳದಲ್ಲಿ ಲೋಹದ ಪುಡಿ ಮಿನುಗುತ್ತಿತ್ತು. ಎರಡು ಕಾಲಿನ ಎಣ್ಣೆಯನ್ನೂ ಅಳೆದೆ. ಒಂದರಲ್ಲಿ 25 ಮಿಲಿಲೀಟರ್ ಕಡಿಮೆ.  ಹೊಸದನ್ನು ಹಾಕುವಾಗ ಅಳತೆ ಲೋಟ ನೆಚ್ಚಲಿಲ್ಲ. ಸ್ಪ್ರಿಂಗ್ ಹೊರಗಿಟ್ಟು, ಫೋರ್ಕ್ ಪೂರ್ತಿ ಒತ್ತಿ, ಗಾಳಿಗುಳ್ಳೆ ಹೋಗುವ ತನಕ ನಿಧಾನಕ್ಕೆ ಪಂಪ್ ಮಾಡಿದೆ. ಮೆಡಿಕಲ್ ಶಾಪಿನ ದೊಡ್ಡ ಸಿರಿಂಜಿಗೆ ಪೈಪು ಸಿಕ್ಕಿಸಿ, ಸ್ಪ್ರಿಂಗ್ ಜೊತೆ ಬಂದ ಚೀಟಿಯಲ್ಲಿದ್ದ ಮಟ್ಟಕ್ಕೆ ಎರಡೂ ಕಡೆ ಸಮ ಮಾಡಿದೆ.

ತಪ್ಪು ಮಾಡಿದ್ದು ಎಣ್ಣೆಯ ವಿಷಯದಲ್ಲಿ. ದಪ್ಪ ಇದ್ದಷ್ಟೂ ಒಳ್ಳೆಯದು ಅಂದುಕೊಂಡು 20ಡಬ್ಲ್ಯೂ ಹಾಕಿದೆ (ಅಂಕಿ ಹೆಚ್ಚಿದಷ್ಟೂ ಎಣ್ಣೆ ದಪ್ಪ). ಅಲೆಯ ಮೇಲೆ ಚೆನ್ನಾಗಿತ್ತು. ಆದರೆ ಸಣ್ಣ, ಚೂಪು ಗುಂಡಿಗೆ ಮಣಿಕಟ್ಟಿಗೇ ಏಟು ಬೀಳುತ್ತಿತ್ತು. ಸಾದಾ ಫೋರ್ಕಿನಲ್ಲಿ ಎಣ್ಣೆ ಸಣ್ಣ ತೂತುಗಳಲ್ಲೇ ನುಗ್ಗಬೇಕು, ಅಲ್ವಾ? ಏಟು ವೇಗವಾಗಿ ಬಂದರೆ ದಪ್ಪ ಎಣ್ಣೆ ದಾರಿ ಬಿಡುವುದಿಲ್ಲ. ಎರಡೇ ವಾರಕ್ಕೆ ತೆಗೆದು 15ಡಬ್ಲ್ಯೂ ಹಾಕಿದೆ. ಈಗ ಸ್ಯಾಗ್ 38. ಪ್ಲಾಸ್ಟಿಕ್ ಟೈ ಕೊನೆಗಿಂತ ಎರಡು ಬೆರಳು ಹಿಂದೆಯೇ ನಿಲ್ಲುತ್ತದೆ.

ಹಿಂದಿನ ಶಾಕಪ್ ಪೂರ್ತಿ ಹೊಸ ಜೋಡಿ. ಬೋಲ್ಟಿನಿಂದ ಬೋಲ್ಟಿಗೆ ಹಳೆಯದರಷ್ಟೇ ಉದ್ದ ಇರುವಂಥದ್ದನ್ನೇ ತಂದೆ. ಇದರಲ್ಲಿ ರಿಬೌಂಡ್ ತಿರುಗಿಸುವ ನಾಬ್ ಇದೆ. ಒತ್ತಿದ ಸ್ಪ್ರಿಂಗ್ ಎಷ್ಟು ನಿಧಾನಕ್ಕೆ ಮೇಲೆ ಬರಬೇಕು ಅನ್ನುವುದು ಅದರ ಕೈಯಲ್ಲಿ. ಸೀಟು ಒತ್ತಿ ಬಿಟ್ಟರೆ ಒಂದೇ ಸಲ ಎದ್ದು ನಿಲ್ಲಬೇಕು, ಎರಡನೇ ಸಲ ಕುಣಿಯಬಾರದು. ಹಾಗಂತ ಜಾಸ್ತಿ ಬಿಗಿ ಮಾಡಿದರೆ ಸಾಲು ಹಂಪ್‌ಗಳಲ್ಲಿ ಕಷ್ಟ. ಒಂದು ಹಂಪಿಗೆ ಕುಸಿದ ಶಾಕಪ್ ಏಳುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ನಾಲ್ಕನೆಯದಕ್ಕೆ ಬೈಕು ಕಲ್ಲಿನ ಹಾಗಾಗುತ್ತದೆ. ಊರ ಮುಂದಿನ ಅದೇ ಹಂಪ್‌ಗಳ ಮೇಲೆ ಹೋಗಿ ಬಂದು, ಒಂದೊಂದೇ ಕ್ಲಿಕ್ ಸಡಿಲಿಸಿ ಸರಿ ಮಾಡಿಕೊಂಡೆ. ಮುಂದಿನ ಫೋರ್ಕಿನ ಕೆಲಸಕ್ಕೆ ಈ ಜೋಡಿಯ ಅರ್ಧ ದುಡ್ಡೂ ಆಗಿರಲಿಲ್ಲ. ಕೈ ಬಿಗಿ ಇದ್ದವರು ಫೋರ್ಕಿನದನ್ನೇ ಮೊದಲು ಮಾಡಿಸಿ.

ಅವ್ವನನ್ನು ಮತ್ತೆ ಬೈಕ್ ಹತ್ತಿಸಲು ಒಂದು ತಿಂಗಳು ಬೇಕಾಯಿತು. ಆವತ್ತು ಲೋಕಾಪುರ ದಾಟಿದ ಮೇಲೆ ಹಿಂದಿನಿಂದ ಕೇಳಿದಳು, "ಹಂಪ್ ಇನ್ನಾ ಬಂದಿಲ್ಲೇನು?" ಈಗ ಅವಳು ಬರುವ ದಿನ ಹಿಂದಿನ ಕಾಲರ್ ಎರಡು ಹಂತ ಏರಿಸುತ್ತೇನೆ, ಒಬ್ಬನೇ ಹೋಗುವಾಗ ಇಳಿಸುತ್ತೇನೆ. ಅದರ ಸ್ಪ್ಯಾನರ್ ಸೈಡ್ ಬಾಕ್ಸಿನಲ್ಲೇ ಇರುತ್ತದೆ.