ಹಳೆಯ ಮಂಗಳೂರು ಹಂಚು: ಗುರುತಿಸುವುದು, ತೊಳೆಯುವುದು, ಬೆಲೆ ಕಟ್ಟುವುದು

ಹಂಚಿನ ಅಡಿಭಾಗದಲ್ಲಿ 1865 ಎಂದು ಕಂಡ ಕೂಡಲೇ ಅದು 1865ರಲ್ಲಿ ಸುಟ್ಟ ಹಂಚು ಎಂದು ನಂಬಿ ದುಡ್ಡು ಕೊಡಬೇಡಿ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ವರ್ಷ ಅದು. ಆಮೇಲೂ ಎಷ್ಟೋ ಕಾಲ ಅದೇ ಇಸವಿಯನ್ನು ಒತ್ತುತ್ತಾ ಬಂದರು. ಆಲ್ಬುಕರ್ಕ್ ಎಂಬ ಇನ್ನೊಂದು ಕಾರ್ಖಾನೆಯ ಹಂಚಿನ 1868 ಕೂಡ ಹಾಗೆಯೇ. ಕಾಲ ತಿಳಿಯಬೇಕಾದರೆ ಹೆಸರು ಓದಿ. ಯುದ್ಧದಲ್ಲಿ ಮಿಷನ್ನಿನ ಕಾರ್ಖಾನೆಗಳು ಬ್ರಿಟಿಷರ ವಶವಾಗಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಕೈಸೇರಿದ್ದರಿಂದ, ಆ ಹೆಸರಿದ್ದರೆ ಹಂಚು ಮೊದಲ ಮಹಾಯುದ್ಧದ ಈಚಿನದು. ಅಕ್ಷರ ಮಸುಕಾಗಿದ್ದರೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ತೆಳು ಕಾಗದ ಇಟ್ಟು ಮೆತ್ತನೆಯ ಪೆನ್ಸಿಲಿನಿಂದ ಉಜ್ಜಿದರೂ ಅಚ್ಚು ಮೂಡುತ್ತದೆ; ಆ ಕಾಗದವನ್ನು ಹಂಚಿನ ದಾಖಲೆಯಾಗಿ ಇಟ್ಟುಕೊಳ್ಳಿ.

ಕೊಳ್ಳುವ ಮೊದಲು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟಣ್ ಎಂದರೆ ಗಟ್ಟಿ, ಬೊದ್ದು ಸದ್ದು ಬಂದರೆ ಒಳಗೆ ಬಿರುಕಿದೆ. ಆದರೆ ಮಳೆಗಾಲದಲ್ಲಿ ನೀರು ಕುಡಿದ ಒಳ್ಳೆಯ ಹಂಚೂ ಬೊದ್ದಾಗಿಯೇ ಸದ್ದು ಕೊಡುತ್ತದೆ; ಒಣಗಿದ ಮೇಲೆಯೇ ತೀರ್ಮಾನಿಸಿ. ಮಾಡಿಗೆ, ಅಂದರೆ ಛಾವಣಿಗೆ, ಮತ್ತೆ ಹೊದಿಸುವ ಆಲೋಚನೆ ಇದ್ದರೆ ಒಣ ಹಂಚು ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. 2.5 ಕಿಲೋ ಹಂಚು 2.9 ಕಿಲೋ ಆದರೆ ಹೀರಿದ್ದು ಶೇ. 16, ನಡೆಯುತ್ತದೆ. ಶೇ. 20 ದಾಟಿದರೆ ಬೇಡ. ರೀಪಿಗೆ (ಹಂಚು ಕೂರುವ ಮರದ ಪಟ್ಟಿಗೆ) ಸಿಕ್ಕಿಕೊಳ್ಳುವ ಮೂಲೆಗಳು ಮುರಿದಿವೆಯೇ ಎಂದೂ ನೋಡಿ, ಮಾಡು ಬಿಚ್ಚುವಾಗ ಮೊದಲು ಏಟು ತಿನ್ನುವುದು ಅವೇ.

ತೊಳೆಯಲು ಬರಿ ನೀರು, ನೈಲಾನ್ ಬ್ರಶ್ ಸಾಕು. ತಂತಿ ಬ್ರಶ್ ಅಕ್ಷರಗಳ ಅಂಚನ್ನೇ ಸವೆಸಿಬಿಡುತ್ತದೆ, ಆಸಿಡ್ ಮಣ್ಣಿನ ಮೈ ತಿನ್ನುತ್ತದೆ. ಅಂಟಿಕೊಂಡ ಸುಣ್ಣದ ಗಾರೆಯನ್ನು ನೆನೆಸಿ, ಮರದ ಚಕ್ಕೆಯಿಂದ ನಿಧಾನವಾಗಿ ಬಿಡಿಸಿ. ಒಣಗಿದ ಮೇಲೆ ಬಿಳಿ ಪುಡಿ ಮೂಡಿದರೆ ಅದು ಉಪ್ಪು. ಕಡಲ ಹತ್ತಿರದ ಮನೆಗಳ ಹಂಚಿನಲ್ಲಿ ಇದು ಸಾಮಾನ್ಯ. ದಿನಕ್ಕೊಮ್ಮೆ ನೀರು ಬದಲಿಸುತ್ತಾ, ಪುಡಿ ನಿಲ್ಲುವವರೆಗೆ ನೆನೆಸಿ, ನೆರಳಲ್ಲಿ ಒಣಗಿಸಿ. ವಾರ್ನಿಶ್ ಖಂಡಿತ ಬೇಡ. ಉಪ್ಪು ಒಳಗೇ ಉಳಿದು ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಮೇಲ್ಪದರ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಅಡುಗೆಮನೆಯ ಹೊಗೆಯ ಕಪ್ಪನ್ನು ಉಜ್ಜಿ ತೆಗೆಯುವವರಿದ್ದಾರೆ. ನಮ್ಮ ಮಟ್ಟಿಗೆ ಅದು ಹಂಚಿನ ಬೆಲೆ ಕಳೆದಂತೆ.

ಬೆಲೆಯ ಮಾತಿಗೆ ಬಂದರೆ, ಒಂದು ಚದರ ಮೀಟರ್ ಮಾಡಿಗೆ ಸುಮಾರು 15 ಹಂಚು ಬೇಕು. ಒಂದು ಮನೆ ಬಿಚ್ಚಿದರೆ ಸಾವಿರಗಟ್ಟಲೆ ಸಿಗುತ್ತದೆ. ಹಾಗಾಗಿ ಸಾದಾ ಹಂಚಿಗೆ ಗುಜರಿ ದರಕ್ಕಿಂತ ಹೆಚ್ಚು ಕೊಡುವ ಕಾರಣವಿಲ್ಲ. ಮಾಡಿನ ನೆತ್ತಿಯ ಹಂಚು, ಗಾಳಿಕಿಂಡಿಯ ಹಂಚು, ತುದಿಗೆ ಕೂರಿಸುವ ಕಳಶದಂಥ ಅಲಂಕಾರ, ಇವು ಮನೆಗೆ ಕೆಲವೇ ಇರುತ್ತವೆ. ಬಿಚ್ಚುವಾಗ ಒಡೆಯುವುದೂ ಹೆಚ್ಚು. ದುಡ್ಡು ಹಾಕುವುದಾದರೆ ಇಲ್ಲಿ ಹಾಕಿ. ಒಂದೇ ಮಾಡಿನಿಂದ ಬಂದ ಬೇರೆ ಬೇರೆ ಕಾರ್ಖಾನೆಯ ಅಚ್ಚುಗಳು ಸಿಕ್ಕರೆ ಬಿಡಬೇಡಿ, ಆ ಮನೆ ಯಾವಾಗ ಯಾವಾಗ ದುರಸ್ತಿಯಾಯಿತು ಎಂಬುದರ ಸುಳಿವು ಅದರಲ್ಲಿರುತ್ತದೆ. ಊರು, ಮನೆ ಕಟ್ಟಿದ ಕಾಲ, ಹಂಚು ಇದ್ದ ಜಾಗ ಇಷ್ಟನ್ನು ಅಲ್ಲೇ ಕೇಳಿ, ಅಚ್ಚಿಗೆ ತಾಗದಂತೆ ಅಡಿಭಾಗದಲ್ಲಿ ಪೆನ್ಸಿಲಿನಲ್ಲಿ ಬರೆದಿಡಿ. ಲಾರಿ ಹೊರಟ ಮೇಲೆ ಹೇಳುವವರು ಸಿಗುವುದಿಲ್ಲ.

ಇಡುವಾಗ ಸಿಮೆಂಟ್ ನೆಲದ ಮೇಲೆ ನೇರವಾಗಿ ಇಡದೆ, ಮರದ ರೀಪಿನ ಮೇಲೆ ಉದ್ದನೆಯ ಅಂಚು ಕೆಳಗೆ ಬರುವಂತೆ ನಿಲ್ಲಿಸಿ, ನಡುವೆ ಬೆರಳು ಹೋಗುವಷ್ಟು ಗಾಳಿ ಬಿಡಿ.