ನೂರಹತ್ತು ನೂರಕ್ಕಿಂತ ದೊಡ್ಡದು

ಕೋಲಾರ ತಾಲ್ಲೂಕಿನ ನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ನೆಟ್‌ವರ್ಕ್ ಕೆಲಸ ನನ್ನದು. ಅಲ್ಲಿ ಎರಡು ಕೋರ್ ಸ್ವಿಚ್‌ಗಳಿವೆ, ಅಂದರೆ ಕಾರ್ಖಾನೆಯ ಜಾಲವೆಲ್ಲ ಬಂದು ಸೇರುವ ಮುಖ್ಯ ಪೆಟ್ಟಿಗೆಗಳು. ಎರಡಕ್ಕೂ ಬೇರೆ ಬೇರೆ ಇಂಟರ್ನೆಟ್ ಫೈಬರ್. ಒಂದು ಕೈಕೊಟ್ಟರೆ ಇನ್ನೊಂದು ಹೊಣೆ ಹೊರಲಿ ಎಂದು ವಿಆರ್‌ಆರ್‌ಪಿ ಎಂಬ ವ್ಯವಸ್ಥೆ ಹಾಕಿದ್ದೆ. ಸ್ವಿಚ್‌ಗಳ ಸ್ವಂತ ವಿಳಾಸ 192.168.10.2 ಮತ್ತು 192.168.10.3. ಕಂಪ್ಯೂಟರುಗಳಿಗೆ ಗೇಟ್‌ವೇ, ಅಂದರೆ ಹೊರಹೋಗುವ ಬಾಗಿಲು, ಎಂದು ಕೊಟ್ಟದ್ದು ಎರಡಕ್ಕೂ ಸೇರಿದ 192.168.10.1. ಯಾವುದರ ಪ್ರಯಾರಿಟಿ ಸಂಖ್ಯೆ ಹೆಚ್ಚೋ ಅದೇ ಮಾಸ್ಟರ್, ಅಂದರೆ ಆ ಬಾಗಿಲು ಕಾಯುವ ಸ್ವಿಚ್. ಮೊದಲನೆಯದರ ಪ್ರಯಾರಿಟಿ 120. ಎರಡನೆಯದಕ್ಕೆ ಏನೂ ಬರೆಯಲಿಲ್ಲ. ಬರೆಯದಿದ್ದರೆ ಅದು 100. ಮೊದಲನೆಯದರ ವಿದ್ಯುತ್ ತೆಗೆದು ನೋಡಿದೆ, ಎರಡನೆಯದು ಕೆಲವೇ ಸೆಕೆಂಡುಗಳಲ್ಲಿ ಮಾಸ್ಟರ್ ಆಯಿತು. ನೆಮ್ಮದಿಯಿಂದ ಮನೆಗೆ ಹೋದೆ.

ಕೆಲವು ವಾರಗಳ ನಂತರ ರಸ್ತೆ ಬದಿ ಅಗೆಯುತ್ತಿದ್ದ ಜೆಸಿಬಿ ಮೊದಲ ಫೈಬರನ್ನು ಕತ್ತರಿಸಿತು. "ಸರ್, ಇ-ವೇ ಬಿಲ್ ಬರುತ್ತಿಲ್ಲ, ಗೇಟಿನಲ್ಲಿ ಲಾರಿಗಳು ನಿಂತಿವೆ" ಎಂದು ಡಿಸ್ಪ್ಯಾಚ್ ವಿಭಾಗದಿಂದ ಫೋನ್. ಮೊದಲ ಸ್ವಿಚ್ ಜೀವಂತವಾಗಿಯೇ ಇತ್ತು. "ನಾನಿದ್ದೇನೆ" ಎಂದು ಸೆಕೆಂಡಿಗೊಮ್ಮೆ ಸಾರುತ್ತಲೇ ಇತ್ತು. ಎರಡನೆಯದು ಆ ಮಾತು ನಂಬಿ ಸುಮ್ಮನಿತ್ತು. ಮಾಹಿತಿಯ ಪ್ಯಾಕೆಟ್‌ಗಳೆಲ್ಲ ಮೊದಲನೆಯದರ ಬಾಗಿಲಿಗೆ ಬಂದು ಅಲ್ಲೇ ಸಾಯುತ್ತಿದ್ದವು.

ಇಂಥ ಹೊತ್ತಿಗೆಂದೇ ಅಪ್‌ಲಿಂಕ್ ಟ್ರ್ಯಾಕಿಂಗ್, ಅಂದರೆ ಹೊರಗಿನ ಫೈಬರ್ ಮೇಲೆ ಕಣ್ಣಿಡುವ ವ್ಯವಸ್ಥೆ, ಹಾಕಿದ್ದೆನಲ್ಲ! ಕಾನ್ಫಿಗರೇಶನ್ ತೆರೆದು ಸಾಲು ಸಾಲಾಗಿ ಓದಿದೆ. ಅಪ್‌ಲಿಂಕ್ ಬಿದ್ದರೆ ಪ್ರಯಾರಿಟಿಯಿಂದ 10 ಕಳೆಯಬೇಕೆಂದು ಇತ್ತು. ಅದು ಕಳೆದಿತ್ತು ಕೂಡ. 120ರಲ್ಲಿ 10 ಹೋದರೆ 110, ಎದುರಿಗಿರುವುದು 100. ಸ್ವಿಚ್ ಹೇಳಿದಷ್ಟನ್ನು ಮಾಡಿತ್ತು, ಲೆಕ್ಕ ತಪ್ಪಿದವನು ನಾನು. ಕಳೆಯುವ ಸಂಖ್ಯೆ ಎರಡರ ನಡುವಿನ ಅಂತರಕ್ಕಿಂತ ಹೆಚ್ಚಿರಲೇಬೇಕು. 30 ಎಂದು ತಿದ್ದಿದೆ; ಮೊದಲನೆಯದು 90ಕ್ಕೆ ಇಳಿಯಿತು, ಲಾರಿಗಳು ಹೊರಟವು.

ಸಂಜೆ ಫೈಬರ್ ಜೋಡಿಸುವವರು ಬಂದಾಗ ಇನ್ನೊಂದು ಪಾಠ. ಜೋಡಿಸುವಾಗ ಬೆಳಕು ಬಂದು ಬಂದು ಹೋಗುತ್ತಿತ್ತು, ಅದರೊಂದಿಗೆ ಮಾಸ್ಟರ್ ಪಟ್ಟವೂ ಅತ್ತಿಂದಿತ್ತ ಓಡಾಡುತ್ತಿತ್ತು. ಅದಕ್ಕೆ ಪ್ರಿಎಂಪ್ಟ್ ವಿಳಂಬ, ಅಂದರೆ ಪಟ್ಟ ಕಿತ್ತುಕೊಳ್ಳುವ ಮೊದಲು ಕಾಯುವ ಹೊತ್ತು, 60 ಸೆಕೆಂಡ್ ಇಟ್ಟೆ. ಅವಸರದಲ್ಲಿ ಅದೇ ಸಾಲನ್ನು ಎರಡನೆಯ ಸ್ವಿಚ್‌ಗೂ ಹಾಕಿದ್ದೆ. ಪರೀಕ್ಷಿಸಿದರೆ ಅದು ಪಟ್ಟ ಏರಲು ಪೂರ್ತಿ ಒಂದು ನಿಮಿಷ ಕಾಯಿತು! ವಿಳಂಬ ಮೊದಲನೆಯದಕ್ಕೆ ಮಾತ್ರ ಇರಲಿ, ಎರಡನೆಯದು ಕಾಯಬಾರದು.

ಈಗ ತಿಂಗಳಿಗೊಮ್ಮೆ ಪಾಳಿ ಬದಲಾಗುವ ಹೊತ್ತಿನಲ್ಲಿ ವಿದ್ಯುತ್ತನ್ನಲ್ಲ, ಫೈಬರನ್ನೇ ಕೀಳುತ್ತೇನೆ. ಪ್ರಯಾರಿಟಿ 100 ಇರುವ ಸ್ವಿಚ್ ಪಟ್ಟ ಏರುವ ಮೊದಲು ಸುಮಾರು 3.6 ಸೆಕೆಂಡ್ ಕಾಯುತ್ತದೆ. ಲ್ಯಾಪ್‌ಟಾಪ್ ಪರದೆಯ ಮೇಲೆ ಪಿಂಗ್, ಅಂದರೆ ಸಂಪರ್ಕ ಇದೆಯೇ ಎಂದು ಮತ್ತೆ ಮತ್ತೆ ಕೇಳುವ ಪರೀಕ್ಷೆ, ಓಡುತ್ತಿರುತ್ತದೆ. ಕಳೆದ ಸಲ ನಾಲ್ಕು ಉತ್ತರ ತಪ್ಪಿದವು, ಐದನೆಯದು ಬಂತು.