ಎದುರು ಫ್ಲ್ಯಾಟಿನ ಆಂಟಿ ಮತ್ತು ಅವರ ಮಳೆ ಲೆಕ್ಕ

ನಾನು ಮಡಿಕೇರಿಗೆ ವರ್ಗವಾಗಿ ಬಂದಾಗ ಅಪಾರ್ಟ್‌ಮೆಂಟಿನವರು ಮೊದಲೇ ಎಚ್ಚರಿಸಿದ್ದರು. ಎದುರು ಫ್ಲ್ಯಾಟಿನ ಆಂಟಿ ಹತ್ತಿರ ಜಾಸ್ತಿ ಮಾತು ಬೇಡ, ಕಡ್ಡಿ ಮುರಿದ ಹಾಗೆ ಮಾತಾಡ್ತಾರೆ ಅಂತ. ನಾವಿನ್ನೂ ಸಾಮಾನು ಇಳಿಸುತ್ತಿದ್ದೆವು, ಅವರು ಬಾಗಿಲಿಗೆ ಬಂದೇ ಬಿಟ್ಟರು. ಹೆಸರು, ಊರು ಏನೂ ಕೇಳಲಿಲ್ಲ. "ಬೀರು ಗೋಡೆಗೆ ಒತ್ತಿ ಇಟ್ಟಿದ್ದೀರಿ. ಜೂನ್ ಬರಲಿ, ಸೀರೆಯೆಲ್ಲ ಬೂಷ್ಟು ಹಿಡಿಯುತ್ತೆ. ಇಷ್ಟೂ ಗೊತ್ತಿಲ್ವಾ?" ಅಂದು ಹೊರಟುಹೋದರು.

ನಾನು ತುಮಕೂರು ಕಡೆಯವಳು. ನಮ್ಮಲ್ಲಿ ಬೀರು ಎಲ್ಲಿಟ್ಟರೂ ನಡೆಯುತ್ತೆ. ಅವರ ದನಿ ಒರಟಾಗಿತ್ತು ನಿಜ, ಆದರೆ ಹೇಳಿದ್ದು ನನ್ನ ಸೀರೆಗಳ ಒಳ್ಳೆಯದಕ್ಕೇ ಅಲ್ವಾ? ಅವತ್ತೇ ಬೀರನ್ನು ಒಂದು ಗೇಣು ಈಚೆಗೆ ಸರಿಸಿದೆ. ಮಾರನೇ ದಿನ ಹೋಗಿ, ಮಳೆಗಾಲಕ್ಕೆ ಇನ್ನೇನು ಮಾಡಬೇಕು ಆಂಟಿ ಅಂತ ಕೇಳಿದೆ. ಬೀರಿನೊಳಗೆ ಒಂದು ಸಣ್ಣ ಬಲ್ಬು ಉರಿಸಿ, ಅದರ ಬಿಸಿಗೆ ಬಟ್ಟೆ ಒಣಗಿರುತ್ತೆ, ಆದರೆ ಬಟ್ಟೆಗೆ ತಾಗದ ಹಾಗೆ ಕಟ್ಟಿ ಅಂದರು. ಚರ್ಮದ ಚಪ್ಪಲಿ, ಬೆಲ್ಟು ಕಪಾಟಿಗೆ ತುರುಕಬೇಡಿ, ಗಾಳಿಗೆ ನೇತುಹಾಕಿ ಅಂದರು. ಕೂರಿ ಅನ್ನಲಿಲ್ಲ, ನಿಂತೇ ಕೇಳಿದೆ. ಆ ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೀರಾಯಿತು, ಸೀರೆಗಳಿಗೆ ಏನೂ ಆಗಲಿಲ್ಲ.

ಆದರೆ ಅವರನ್ನು ನಿಜವಾಗಿ ಗುರುತಿಸಿದ್ದು ಟೆರೇಸಿನಲ್ಲಿ.

ಅವರದು ಕಾಫಿ ತೋಟದ ಮನೆ. ವಯಸ್ಸಾಗಿ ತೋಟ ಕೊಟ್ಟು ಫ್ಲ್ಯಾಟಿಗೆ ಬಂದವರು. ಬರುವಾಗ ಮಳೆ ಮಾಪಕವನ್ನೂ ತಂದು ಟೆರೇಸಿನ ನಟ್ಟನಡುವೆ ಇಟ್ಟಿದ್ದಾರೆ. ಮಡಿಚುವ ಬಟ್ಟೆ ಸ್ಟ್ಯಾಂಡನ್ನು ಯಾರಾದರೂ ಅದರ ಹತ್ತಿರ ತಂದಿಟ್ಟರೆ ಬೈಗುಳ ಗ್ಯಾರಂಟಿ. ತೋಟವೇ ಇಲ್ಲ, ಇನ್ನು ಯಾಕೆ ಅಳೀತಾರೆ ಅಂತ ಎಲ್ಲರೂ ಆಡಿಕೊಳ್ಳುತ್ತಿದ್ದರು. ನಾನು ನೇರವಾಗಿ ಅವರನ್ನೇ ಕೇಳಿದೆ. "ಮಳೆ ನಿಂತಿದೆಯಾ? ಇಲ್ಲವಲ್ಲ. ಮತ್ತೆ?" ಅಂದರು. ಆಮೇಲೆ, "ನೋಡಬೇಕಾದ್ರೆ ನಾಳೆ ಎಂಟೂವರೆಗೆ ಬನ್ನಿ, ಕಾಯಲ್ಲ."

ಹೋದೆ. ಆಲಿಕೆ ಎತ್ತಿ, ಒಳಗಿನ ಬಾಟಲಿಯ ನೀರನ್ನು ಅಳತೆ ಗ್ಲಾಸಿಗೆ ಬಗ್ಗಿಸಿದರು. ನಾನು ಛತ್ರಿ ಹಿಡಿದಿದ್ದೆ. ಗ್ಲಾಸನ್ನು ಕಣ್ಣಿನ ನೇರಕ್ಕೆ ತಂದು ತೋರಿಸಿದರು. ಅಂಚಿನಲ್ಲಿ ನೀರು ಮೇಲೇರಿರುತ್ತೆ, ಅದನ್ನು ಬಿಟ್ಟು ನಡುವೆ ತಗ್ಗಿದ ಜಾಗದ ಗೆರೆ ಓದಬೇಕು. ಇಲ್ಲಿನ ತೋಟಗಳಲ್ಲಿ ಇನ್ನೂ ಇಂಚು, ಸೆಂಟಿನ ಲೆಕ್ಕವೇ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಬರೆಯುವ ಪುಸ್ತಕ ಪ್ಲಾಸ್ಟಿಕ್ ಕವರಿನಲ್ಲಿ.

ಆ ಪುಸ್ತಕದಿಂದಲೇ ನನಗೆ ಕಾಫಿ ಅರ್ಥವಾಗಿದ್ದು. ಫೆಬ್ರವರಿ, ಮಾರ್ಚಿನ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ರೋಬಸ್ಟಾ ಜಾತಿಯ ಕಾಫಿ ತೋಟವೆಲ್ಲ ಹೂವಾಗಿ ಬೆಳ್ಳಗಾಗುತ್ತೆ. ಆಮೇಲೆ ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ ಬೇಕು, ಅದಿಲ್ಲದಿದ್ದರೆ ಕಾಯಿ ಸರಿಯಾಗಿ ಕಚ್ಚಲ್ಲ. ಅಂಥ ದಿನಗಳ ಕೆಳಗೆ ಕೆಂಪು ಗೆರೆ ಎಳೆದಿದ್ದರು. ಭೂಕುಸಿತವಾದ 2018ರ ಆಗಸ್ಟಿನ ಪುಟವನ್ನೂ ತೆರೆದು ತೋರಿಸಿದರು. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನೂ ಕೇಳಲಿಲ್ಲ.

ಇಂಥವರ ಜೊತೆ ಇರಬೇಕಾದರೆ ನಾವೂ ನೇರವಾಗಿರಬೇಕು. ಒಂದು ಭಾನುವಾರ ಬೆಳಿಗ್ಗೆ ಆರಕ್ಕೇ ಟೆರೇಸಿನ ಕೀ ಕೇಳಿ ಬಾಗಿಲು ಬಡಿದರು. ಕೀ ಕೊಟ್ಟು, "ಭಾನುವಾರ ಎಂಟರ ಮೊದಲು ಬರಬೇಡಿ ಆಂಟಿ, ನಾವು ಮಲಗಿರ್ತೀವಿ" ಅಂದೆ. "ಸರಿ" ಅಂದರು, ಅಷ್ಟೇ. ಮುನಿಸಿಲ್ಲ, ಮಾತು ಬಿಟ್ಟಿಲ್ಲ, ಮತ್ತೆ ಹಾಗೆ ಬರಲೂ ಇಲ್ಲ. ಎದುರಿಗೆ ನಕ್ಕು ಹಿಂದೆ ದೂರುವವರಿಗಿಂತ ಇವರು ನನಗೆ ಎಷ್ಟೋ ಮೇಲು. ಸುತ್ತಿ ಬಳಸಿ ಹೇಳಿದರೆ ಮಾತ್ರ ಅವರಿಗೆ ತಲುಪಲ್ಲ. ಟೆರೇಸ್ ಜಗಳ ಬೆಳೆದಿದ್ದೂ ಅದರಿಂದಲೇ. ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಸೂಚ್ಯವಾಗಿ ಚುಚ್ಚುತ್ತಿದ್ದರು, ಅವರು ಅದನ್ನು ನೋಡುತ್ತಲೇ ಇರಲಿಲ್ಲ. ನಾನು ಸಭೆಯಲ್ಲಿ ಕೇಳಿದೆ, ಮಾಪಕಕ್ಕೆ ಎಷ್ಟು ಜಾಗ ಬಿಡಬೇಕು ಆಂಟಿ? ಪಕ್ಕದಲ್ಲಿ ಏನೇ ಇದ್ದರೂ ಅದರ ಎತ್ತರದ ಎರಡರಷ್ಟಾದರೂ ದೂರ ಇರಬೇಕು ಅಂದರು. ಟೇಪು ಹಿಡಿದು ಅಳೆದೆವು. ಬಟ್ಟೆ ಸ್ಟ್ಯಾಂಡುಗಳು ನೀರಿನ ಟ್ಯಾಂಕಿನ ಕಡೆ ಹೋದವು, ಜಗಳ ಮುಗಿಯಿತು.

ಈಗ ಅವರು ಮೈಸೂರಿಗೆ ಮಗಳ ಮನೆಗೆ ಹೋದಾಗ ಅಳೆಯುವ ಕೆಲಸ ನನ್ನದು. ಫೋನಿನಲ್ಲಿ ಹಲೋ ಇಲ್ಲ, ಹೇಗಿದ್ದೀರಿ ಇಲ್ಲ, "ಎಷ್ಟು?" ಅಂತಾರೆ. ಮೂರನೇ ಮಹಡಿಯ ಹುಡುಗನೂ ನನ್ನ ಜೊತೆ ಬರುತ್ತಾನೆ. ಅವನ ಅಕ್ಷರ ಕೆಟ್ಟದಾಗಿದೆ ಅಂತ ಆಂಟಿ ಅವನ ಅಪ್ಪನಿಗೇ ಹೇಳಿದ್ದಾರೆ. ಲೆಕ್ಕ ಸರಿ ಬರೆಯುತ್ತಾನೆ ಅಂತಲೂ ಹೇಳಿದ್ದಾರೆ.